ಯಜಮಾನ ಸರಿಯಿಲ್ಲ

ಕೆಲ್‌ಬ್ರಿಜ್ ಸಿಟಿಯ ಅಂತ್ಯಸಂಸ್ಕಾರವನ್ನು ಸಕಲ ಮರ್ಯಾದೆಗಳೊಂದಿಗೆ, ನನ್ನ ಕೈಯಾರೆ, ನನ್ನ ಸ್ವಂತ ಖರ್ಚಿನಲ್ಲಿ ಮಾಡಿಯೇ ತೀರುತ್ತೇನೆ ಎಂದು ಮೇ ತಿಂಗಳ ಮೊದಲನೆಯ ಸೋಮವಾರ ನಾನು ಪಬ್ಬಿನ ಮೇಜು ಗುದ್ದಿ ಘೋಷಿಸಿದೆ! ಈ ಘೋಷಣೆಯಲ್ಲಿ ‘ಸ್ವಂತ ಖರ್ಚು’ ಎನ್ನುವ ಎರಡು ಪದಗಳು ಮಾತ್ರ ಪೂರ್ತಿ ನಿಜವಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಬರದೆ ವಿಧಿಯೂ ಇಲ್ಲ.

ನನ್ನ ಹೆಸರು ಸಿರಿಲ್ ಆಗ್ಡೆನ್. ಹೆಸರಿನಲ್ಲಿ ಅರ್ಧ ಸಿರಿ ಇದೆ. ಉಳಿದರ್ಧ ‘ಇಲ್ಲ’ ಎನ್ನುತ್ತದೆ. ಬಡಗಿ ಕೆಲಸ ಮಾಡಿ ನಿವೃತ್ತನಾದವನು. ಎಂಟನೆಯ ವಯಸ್ಸಿನಿಂದ ಮಾಸ್‌ಡೆನ್ ಟೌನ್ ಫುಟ್‌ಬಾಲ್ ಕ್ಲಬ್ಬಿನ ಭಕ್ತ. ನಮ್ಮ ಕ್ಲಬ್ಬಿಗೆ ಹಳದಿ ಬಣ್ಣ, ಸೋರುವ ಚಾವಣಿ, ಎರಡನೇ ದರ್ಜೆ. ಹೊಳೆಯ ಆಚೆ ದಡದಲ್ಲಿರುವ ಕೆಲ್‌ಬ್ರಿಜ್ ಸಿಟಿಗೆ ನೇರಳೆ ಬಣ್ಣ, ಗಾಜಿನ ಕಟ್ಟಡ, ಅರವತ್ತೆರಡು ವರ್ಷದಿಂದ ಅಲುಗಾಡದ ಮೊದಲನೇ ದರ್ಜೆ. ಮೂವತ್ತೆಂಟು ವರ್ಷದ ಹಿಂದೆ ಕಪ್ ಪಂದ್ಯದಲ್ಲಿ ಅವರು ನಮ್ಮನ್ನು ಏಳು-ಸೊನ್ನೆಯಿಂದ ಬಡಿದಿದ್ದರು. ಅದೇ ವಾರ ನನ್ನ ಮದುವೆಯೂ ಆಯಿತು. ಯಾವ ಪೆಟ್ಟು ದೊಡ್ಡದು ಎಂದು ಗೆಳೆಯರು ಕೇಳುತ್ತಾರೆ. ನಾನು ಉತ್ತರ ಕೊಡುವುದಿಲ್ಲ, ಏಕೆಂದರೆ ನನ್ನ ಹೆಂಡತಿ ನಾರ್ಮಾ ಕೆಲ್‌ಬ್ರಿಜ್‌ನವಳು!

ಹುಟ್ಟಿದ್ದೂ ಅಲ್ಲಿ, ಕೆಲಸ ಮಾಡಿದ್ದೂ ಅಲ್ಲೇ. ಇಪ್ಪತ್ತೊಂದು ವರ್ಷ ಆ ಮೈದಾನದ ಕ್ಯಾಂಟೀನಿನಲ್ಲಿ ಚಹಾ, ಪೈ ಮಾರಿದವಳು. ಅವಳ ಕೋಟು ನೇರಳೆ, ಟೋಪಿ ನೇರಳೆ, ಬಾಗಿಲ ಮುಂದಿನ ಕಾಲೊರೆಸು ನೇರಳೆ. ನಮ್ಮಿಬ್ಬರ ನಡುವೆ ಮದುವೆಯ ದಿನವೇ ಒಂದು ಒಪ್ಪಂದವಾಗಿತ್ತು: ಯಾರ ಕ್ಲಬ್ಬು ಸೋತರೂ ಮನೆಯೊಳಗೆ ಹಲ್ಲು ಕಿರಿಯಬಾರದು. ನಾನು ಹಲ್ಲು ಕಿರಿಯಬೇಕಾದಾಗಲೆಲ್ಲ ಪಬ್ಬಿಗೆ ಹೋಗುತ್ತಿದ್ದೆ. ಮೂವತ್ತೆಂಟು ವರ್ಷದಲ್ಲಿ ಅಂಥ ಅವಕಾಶ ಬಹಳ ಸಲವೇನೂ ಬಂದಿರಲಿಲ್ಲ.

ಈ ವರ್ಷ ಬಂತು! ಕೆಲ್‌ಬ್ರಿಜ್ ಕುಸಿಯಿತು. ಕೋಟ್ಯಧಿಪತಿ ಕ್ಲಬ್ಬು ಪಟ್ಟಿಯ ತಳಕ್ಕೆ ಹೋಗಿ ಕೂತಿತು. ಶನಿವಾರದ ಕೊನೆಯ ಪಂದ್ಯ ಸೋತರೆ ನೇರ ನಮ್ಮ ದರ್ಜೆಗೆ ದಬ್ಬಲ್ಪಡುತ್ತದೆ. ಪಬ್ಬಿನಲ್ಲಿ ನಮಗೆ ಬೇರೆ ಮಾತೇ ಇರಲಿಲ್ಲ.

“ಇಷ್ಟು ದುಡ್ಡಿರೋ ಕ್ಲಬ್ಬು ಹೆಂಗೋ ಮುಳುಗ್ತು?” ಎಂದ ವಿಲ್ಫ್. ಇವನು ನಿವೃತ್ತ ಬಸ್ ಡ್ರೈವರ್. ಜೀವನದಲ್ಲಿ ಎಲ್ಲವನ್ನೂ ತಡವಾಗಿ ತಿಳಿದುಕೊಳ್ಳುವವನು.

“ಯಜಮಾನ ಸರಿಯಿಲ್ಲ ಕಣೋ,” ಎಂದ ಸೆಲ್ವಿನ್. ಇವನು ನಮ್ಮೂರಿಗೆ ಮೂವತ್ತು ವರ್ಷ ಅಂಚೆ ಹಂಚಿದವನು. ಊರಿನ ಸಾಲದ ನೋಟೀಸುಗಳೆಲ್ಲ ಅವನ ಕೈಯಿಂದಲೇ ಹಾದುಹೋಗಿದ್ದರಿಂದ ಅರ್ಥಶಾಸ್ತ್ರ ಬಲ್ಲವನು ಎಂದು ನಮ್ಮ ನಂಬಿಕೆ. “ಎಲ್ಲಿಂದಲೋ ಬಂದ, ಕ್ಲಬ್ಬು ಕೊಂಡ. ಯಾರ ದುಡ್ಡಲ್ಲಿ ಕೊಂಡ ಹೇಳು?”

“ಅವನ ದುಡ್ಡಲ್ಲಿ.”

“ದಡ್ಡ! ಇಲ್ಲಿ ನೋಡು.” ಸೆಲ್ವಿನ್ ವಿಲ್ಫನ ತಟ್ಟೆಯಲ್ಲಿದ್ದ ಮಾಂಸದ ಪೈಯನ್ನು ತನ್ನ ಕಡೆ ಎಳೆದುಕೊಂಡ. “ಈ ಪೈ ನಾನು ಕೊಂಡ್ಕೋಬೇಕು. ಜೇಬಲ್ಲಿ ಕಾಸಿಲ್ಲ. ಏನ್ಮಾಡ್ತೀನಿ? ಇದೇ ಪೈನ ಅಡ ಇಟ್ಟು ಸಾಲ ಎತ್ತೀನಿ. ಆ ದುಡ್ಡು ನಿನಗೆ ಕೊಟ್ಟೆ, ಪೈ ನಂದಾಯ್ತು. ಈಗ ಸಾಲ ಯಾರು ತೀರಿಸ್ಬೇಕು?”

“ನೀನು.”

“ನಾನ್ಯಾಕೆ ತೀರಿಸ್ಲಿ? ಪೈನೇ ತೀರಿಸ್ಬೇಕು! ದಿನಾ ಒಂದೊಂದು ಚೂರು ಕಿತ್ತು ಬ್ಯಾಂಕಿಗೆ ಕೊಡ್ತೀನಿ.” ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ. “ಮಧ್ಯೆ ನನ್ನ ಸಂಬಳ ಅಂತ ಒಂದು ಚೂರು.” ಇನ್ನೊಂದು ಚೂರು ಹೋಯಿತು. “ಕೊನೆಗೆ ಏನು ಉಳೀತು?”

“ತಟ್ಟೆ,” ಎಂದ ವಿಲ್ಫ್ ದುಃಖದಿಂದ.

“ಕೆಲ್‌ಬ್ರಿಜ್‌ಗೆ ಉಳಿದಿರೋದೂ ಅದೇ.”

“ಕೈಯಿಂದ ಒಂದು ಪೈ ಬಿಚ್ಚದೆ ಪೂರ್ತಿ ಪೈ ನುಂಗಿದ ಅನ್ನು!” ಎಂದು ನಾನು ತೊಡೆ ತಟ್ಟಿ ನಕ್ಕೆ. ಆ ಉತ್ಸಾಹದ ಭರದಲ್ಲಿಯೇ ಮೇಜು ಗುದ್ದಿದ್ದು, ಘೋಷಣೆ ಹೊರಟಿದ್ದು. ನಮ್ಮ ಕಡೆ ಇದೊಂದು ಹಳೆಯ ಚಾಳಿ. ಎದುರಾಳಿ ಕ್ಲಬ್ಬು ಕೆಳಗಿಳಿದರೆ ಅದರ ಬಣ್ಣದ ಶವಪೆಟ್ಟಿಗೆ ಮಾಡಿ ಊರೊಳಗೆ ಮೆರವಣಿಗೆ ಹೊರಡಿಸುವುದು. ಸಾಮಾನ್ಯವಾಗಿ ರಟ್ಟಿನ ಡಬ್ಬಕ್ಕೆ ಬಣ್ಣ ಬಳಿದು ಮುಗಿಸುತ್ತಾರೆ. ಆದರೆ ನಾನು ಬಡಗಿ! ರಟ್ಟಿನ ಕೆಲಸ ನನ್ನ ಕುಲಕ್ಕೇ ಅವಮಾನ! ಅರವತ್ತೆರಡು ವರ್ಷ ಮೆರೆದವರಿಗೆ ಅಸಲಿ ಮರದ ಪೆಟ್ಟಿಗೆಯೇ ಆಗಬೇಕು!

ಮರ ಎಲ್ಲಿಂದ ಬರಬೇಕು? ಮರ ಮನೆಯಲ್ಲೇ ಇತ್ತು.

ಈಗ ಬಂದೆ ನೋಡಿ, ಸ್ವಂತ ಖರ್ಚಿನ ವಿಷಯಕ್ಕೆ. ನಾರ್ಮಾ ನಿವೃತ್ತಳಾದಾಗ ಕ್ಯಾಂಟೀನಿನ ಹೆಂಗಸರೆಲ್ಲ ಸೇರಿ ಅವಳಿಗೆ ಒಂದು ಲಕೋಟೆ ಕೊಟ್ಟಿದ್ದರು. ಅವಳು ಆ ದುಡ್ಡಿನಲ್ಲಿ ಒಳ್ಳೆಯ ಪೈನ್ ಹಲಗೆ ತರಿಸಿದಳು. ಅಡುಗೆಮನೆಗೆ ಒಂದು ಕಪಾಟು ಮಾಡಿಕೊಡುತ್ತೇನೆ ಎಂದು ನಾನು ಹನ್ನೊಂದು ವರ್ಷದಿಂದ ಹೇಳುತ್ತಾ ಬಂದಿದ್ದೆ. ಊರಿಗೆಲ್ಲ ಕಪಾಟು ಮಾಡಿಕೊಟ್ಟವನ ಮನೆಯಲ್ಲಿ ಡಬ್ಬಿಗಳು ನೆಲದ ಮೇಲೆ ಸಾಲಾಗಿ ನಿಂತಿದ್ದವು. ಪಬ್ಬಿನ ಘೋಷಣೆಗೆ ಹಿಂದಿನ ವಾರ ಅವಳು ಕಡಲತೀರದಲ್ಲಿರುವ ತಂಗಿ ಎಡ್ನಾಳ ಮನೆಗೆ ಹೊರಟಾಗ ಹಲಗೆಗಳನ್ನು ಒಂದೊಂದಾಗಿ ಎಣಿಸಿ, ನನ್ನ ಮುಖ ನೋಡಿದಳು.

“ರೀ, ಇದು ನನ್ನ ಗೆಳತಿಯರು ಕೊಟ್ಟಿದ್ದು. ಭಾನುವಾರ ಬರ್ತೀನಿ. ಬಂದಾಗ ಕಪಾಟು ನಿಂತಿರ್ಬೇಕು.”

“ನಿಂತಿರತ್ತೆ!”

“ಹನ್ನೊಂದು ವರ್ಷದಿಂದ ನೀವು ಮಾತ್ರ ನಿಂತಿದ್ದೀರ. ಈ ಸಲ ಕಪಾಟು ನಿಲ್ಲದಿದ್ರೆ ನಾನು ಎಡ್ನಾ ಮನೇಲೇ ನಿಲ್ತೀನಿ. ತಮಾಷೆ ಅಲ್ಲ.”

ತಮಾಷೆ ಅಲ್ಲ ಎಂದು ಅವಳು ಹೇಳಿದಾಗ ಅದು ತಮಾಷೆ ಅಲ್ಲ. ಆದರೆ ನನ್ನ ಯೋಜನೆ ಎಷ್ಟು ಅದ್ಭುತವಾಗಿತ್ತೆಂದರೆ! ಶನಿವಾರ ಅವರ ಸೋಲು ಖಚಿತ, ಆದ್ದರಿಂದ ಅವತ್ತೇ ಮೆರವಣಿಗೆ. ಸಂಜೆ ಸ್ಕ್ರೂ ಬಿಚ್ಚುವುದು. ಭಾನುವಾರ ಮಧ್ಯಾಹ್ನದೊಳಗೆ ಅದೇ ಹಲಗೆಗೆ ಬಿಳಿ ಬಣ್ಣ ಬಳಿದು ಕಪಾಟು ನಿಲ್ಲಿಸುವುದು. ಒಂದೇ ಮರ, ಎರಡು ಕೀರ್ತಿ! ಇಂಥ ತಲೆ ನಮ್ಮ ಕ್ಲಬ್ಬಿನ ಕೋಚ್‌ಗೆ ಇದ್ದಿದ್ದರೆ ನಾವು ಯಾವತ್ತೋ ಮೊದಲ ದರ್ಜೆಯಲ್ಲಿರುತ್ತಿದ್ದೆವು.

ಗುರುವಾರದ ಹೊತ್ತಿಗೆ ಪೆಟ್ಟಿಗೆ ತಯಾರು. ಬೀದಿಗೆ ಕಾಣುವ ಮುಂದಿನ ಕೋಣೆಯಲ್ಲಿ ಎರಡು ಕುರ್ಚಿಗಳ ಮೇಲೆ ಅದನ್ನು ಮಲಗಿಸಿ ನೇರಳೆ ಬಣ್ಣ ಬಳಿದೆ. ಮುಚ್ಚಳದ ಮೇಲೆ ಬಿಳಿ ಅಕ್ಷರದಲ್ಲಿ ಬರೆದೆ: ‘ಅರವತ್ತೆರಡು ವರ್ಷ ಮೆರೆದಿದ್ದು ಸಾಕು. ಇನ್ನು ಕೆಳಗಿಳಿಯಿರಿ.’ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದೆ. ನನ್ನ ಕಣ್ಣಲ್ಲೇ ನೀರು ಬಂತು. ನಲವತ್ತು ವರ್ಷದ ಕಸುಬಿನಲ್ಲಿ ಇಷ್ಟು ಚೆಂದದ ಕೀಲು ನಾನು ಕೂಡಿಸಿರಲಿಲ್ಲ.

ಬಾಗಿಲು ಬಡಿದ ಸದ್ದಾಯಿತು. ಪಕ್ಕದ ಮನೆಯ ಮಿಸೆಸ್ ಪಿಕಪ್. ಹೆಸರಿಗೆ ತಕ್ಕಂತೆ ಬೀದಿಯ ಸುದ್ದಿಯನ್ನೆಲ್ಲ ಹೆಕ್ಕುವವರು. ನಾರ್ಮಾಳಿಂದ ತೆಗೆದುಕೊಂಡು ಹೋಗಿದ್ದ ಕೇಕಿನ ತಟ್ಟೆ ವಾಪಸು ಕೊಡಲು ಬಂದಿದ್ದರು. ಒಳಗೆ ಕಾಲಿಟ್ಟವರು ಅಲ್ಲೇ ನಿಂತರು.

“ಸಿರಿಲ್ಲೋರೇ... ಇದು... ಪೆಟ್ಟಿಗೆ...”

“ಹೌದು! ಹೇಗಿದೆ?”

“ಯಾರಿಗೆ?”

“ಇನ್ಯಾರಿಗೆ? ಬಣ್ಣ ನೋಡಿದ್ರೆ ಗೊತ್ತಾಗಲ್ವಾ?”

ಅವರು ಬಣ್ಣ ನೋಡಿದರು. ಮುಚ್ಚಳದ ಮೇಲಿನ ‘ಅರವತ್ತೆರಡು ವರ್ಷ’ ನೋಡಿದರು. ನಾರ್ಮಾಳಿಗೆ ಈಗ ಸರಿಯಾಗಿ ಅರವತ್ತೆರಡು. ಇದು ಆ ಕ್ಷಣದಲ್ಲಿ ನನಗೆ ಹೊಳೆದಿದ್ದರೆ ಈ ಬರಹವೇ ಇರುತ್ತಿರಲಿಲ್ಲ!

“ಅಯ್ಯೋ ದೇವ್ರೇ! ಹೋಗ್ಬಿಟ್ರಾ?”

“ಹೋದ್ರು! ನಾನಂತೂ ಈಸ್ಟರ್ ಹೊತ್ತಿಗೇ ಹೇಳಿದ್ದೆ, ಇವರು ಉಳಿಯಲ್ಲ ಅಂತ.”

“ಈಸ್ಟರ್‌ನಿಂದಲೇ? ನಮಗೆ ಗೊತ್ತೇ ಆಗ್ಲಿಲ್ವಲ್ಲ! ತುಂಬಾ ನರಳಿದ್ರಾ?”

“ವರ್ಷಪೂರ್ತಿ ನರಳಿದ್ರು. ಜನವರಿ ಆದ್ಮೇಲೆ ಕಾಲೇ ಆಡ್ತಿರ್ಲಿಲ್ಲ. ಹಿಂಭಾಗ ಪೂರ್ತಿ ಕುಸಿದುಹೋಗಿತ್ತು.”

“ಪಾಪ! ಡಾಕ್ಟರ್ರಿಗೆ ತೋರಿಸ್ಲಿಲ್ವಾ?”

ಕೋಚ್‌ನನ್ನು ಡಾಕ್ಟರ್ ಎನ್ನುತ್ತಿದ್ದಾರಲ್ಲ, ಭಲೇ ಹಾಸ್ಯಪ್ರಜ್ಞೆ ಎಂದುಕೊಂಡೆ. “ಒಂದೇ ವರ್ಷದಲ್ಲಿ ನಾಲ್ಕು ಜನ ಬಂದುಹೋದ್ರು! ಯಾರ ಕೈಲೂ ಆಗ್ಲಿಲ್ಲ.”

“ಹಾಗಾದ್ರೆ ಕಾಯಿಲೆ ಏನು?”

“ಕಾಯಿಲೆ ಏನ್ಬಂತು? ಯಜಮಾನ ಸರಿಯಿಲ್ಲ!”

ಮಿಸೆಸ್ ಪಿಕಪ್ ಕೇಕಿನ ತಟ್ಟೆಯನ್ನು ಎದೆಗೆ ಅವುಚಿಕೊಂಡರು. “ಏನಂದ್ರಿ?”

“ಯಜಮಾನ ಸರಿಯಿಲ್ಲ ಕಣ್ರೀ! ರಕ್ತ ಹೀರಿಬಿಟ್ಟ. ತಾನು ಸಾಲ ಮಾಡಿ ಎಲ್ಲಾ ಅವರ ತಲೆಗೆ ಕಟ್ಟಿದ. ಅವರು ದುಡಿದಿದ್ದನ್ನೆಲ್ಲ ಕಿತ್ಕೊಂಡ. ಈಗ ಯಾಕೆ ಮುಚ್ಚಿಡ್ಬೇಕು? ಅವರನ್ನ ಕೊಂದಿದ್ದೇ ಯಜಮಾನ!”

“ಇದನ್ನ ನೀವು... ನಗ್ತಾ ಹೇಳ್ತಿದ್ದೀರಲ್ಲ ಸಿರಿಲ್ಲೋರೇ!”

“ನಗದೆ ಇರಕ್ಕಾಗತ್ತಾ? ಮೂವತ್ತೆಂಟು ವರ್ಷದಿಂದ ಈ ದಿನಕ್ಕೆ ಕಾದಿದ್ದೀನಿ!”

ಅವರು ಒಂದು ಹೆಜ್ಜೆ ಹಿಂದಕ್ಕೆ ಹೋದರು. “ಮುಂದೆ... ಮುಂದೇನು ಮಾಡ್ತೀರಾ?”

“ಶನಿವಾರ ಮಧ್ಯಾಹ್ನ ಮೆರವಣಿಗೆ. ಎಲ್ರೂ ಬನ್ನಿ, ಬಿಯರ್ ನನ್ನದು! ಆಗಸ್ಟ್‌ನಲ್ಲಿ ಇವರ ಜಾಗಕ್ಕೆ ಹೊಸಬರು ಬರ್ತಾರೆ. ಈಗಾಗ್ಲೇ ಮೂರು ಜನ ಪೈಪೋಟಿಗೆ ನಿಂತಿದಾರೆ!”

ನಾನು ಹೇಳಿದ್ದು ಹೊಸ ಸೀಸನ್ನಿಗೆ ನಮ್ಮ ದರ್ಜೆಯಿಂದ ಮೇಲೇರಲು ಹವಣಿಸುತ್ತಿದ್ದ ಮೂರು ಕ್ಲಬ್ಬುಗಳ ಮಾತು. ಮಿಸೆಸ್ ಪಿಕಪ್ ಕೇಕಿನ ತಟ್ಟೆಯನ್ನು ವಾಪಸು ಕೊಡದೆ ಹಾಗೇ ಹೊರಟುಹೋದರು. ಇವರಿಗೂ ಫುಟ್‌ಬಾಲ್ ಮೇಲೆ ಇಷ್ಟು ಅಭಿಮಾನ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಎದ್ದು ಕಿಟಕಿಯಿಂದ ನೋಡಿದರೆ ಎದುರು ಸಾಲಿನ ಎಲ್ಲ ಮನೆಗಳ ಪರದೆಗಳೂ ಎಳೆದಿವೆ! ಹಾಡಹಗಲು! ನಮ್ಮ ಬೀದಿಯಲ್ಲಿ ಹಗಲು ಹೊತ್ತು ಪರದೆ ಎಳೆದರೆ ಅದಕ್ಕೆ ಒಂದೇ ಅರ್ಥ: ಬೀದಿಯಲ್ಲಿ ಯಾರೋ ತೀರಿಕೊಂಡಿದ್ದಾರೆ. ನನಗೆ ನಿಜಕ್ಕೂ ಆಘಾತವಾಯಿತು. ಯಾರಿರಬಹುದು? ಮೂಲೆಮನೆಯ ಅಜ್ಜನಿಗೆ ಕೆಮ್ಮು ಜೋರಾಗಿತ್ತು. ಪಾಪ, ಒಳ್ಳೆಯ ಮನುಷ್ಯ, ಮಾಸ್‌ಡೆನ್ ಬೆಂಬಲಿಗ. ಸತ್ತವರಿಗೆ ಮರ್ಯಾದೆ ಕೊಡಬೇಕಲ್ಲ ಎಂದು ನಾನೂ ನನ್ನ ಮನೆಯ ಪರದೆ ಎಳೆದೆ.

ಅಲ್ಲಿಗೆ ಸಾಕ್ಷ್ಯ ಸಂಪೂರ್ಣವಾಯಿತು!

ಎಂಟೂವರೆಗೆ ಬಾಗಿಲಲ್ಲಿ ಒಂದು ದೊಡ್ಡ ಬೋಗುಣಿ, ತುಂಬಾ ಕುರಿಮಾಂಸ, ಆಲೂಗಡ್ಡೆ. ತಂದವರು ಮಾತಾಡದೆ ನನ್ನ ಭುಜ ತಟ್ಟಿ ಹೋದರು. ಒಂಬತ್ತಕ್ಕೆ ಇನ್ನೊಂದು ಬೋಗುಣಿ. ಹತ್ತಕ್ಕೆ ಹ್ಯಾಮ್, ಒಂದು ಹಣ್ಣಿನ ಕೇಕು, ಬಿಳಿ ಹೂವಿನ ಗುಚ್ಛ. ಕೆಲ್‌ಬ್ರಿಜ್‌ನ ಪತನಕ್ಕೆ ನಮ್ಮ ಬೀದಿ ಇಷ್ಟೊಂದು ಸಂಭ್ರಮಿಸುತ್ತದೆಂದು ನನಗೆ ಗೊತ್ತಿರಲಿಲ್ಲ! ಎಲ್ಲರಿಗೂ ಹಲ್ಲು ಬಿಟ್ಟು ವಂದಿಸಿದೆ. ಕೆಲವರು ನನ್ನ ನಗು ನೋಡಿ ಬೋಗುಣಿ ವಾಪಸು ಒಯ್ಯಲೋ ಬೇಡವೋ ಎಂದು ಅನುಮಾನಿಸಿದಂತೆ ಕಂಡಿತು. ಮೂರನೆಯ ಬೋಗುಣಿ ತಂದವರು ಮೂಲೆಮನೆಯ ಅಜ್ಜನೇ! ಕೆಮ್ಮುತ್ತಾ ನಿಂತಿದ್ದರು.

“ನೀವು ಸತ್ತಿಲ್ವಾ?” ಎಂದೆ.

“ನನಗಿಂತ ಮುಂಚೆ ಹೋಗೋರು ಹೋದ್ರಲ್ಲಪ್ಪಾ,” ಎಂದು ಕಣ್ಣೊರೆಸಿಕೊಂಡು ಹೋದರು. ನನಗೆ ಏನೂ ಅರ್ಥವಾಗಲಿಲ್ಲ. ಕುರಿಮಾಂಸ ಮಾತ್ರ ಬಹಳ ಚೆನ್ನಾಗಿತ್ತು.

ಮಧ್ಯಾಹ್ನ ಚರ್ಚಿನ ಪಾದ್ರಿಗಳು ಬಂದರು. ತೆಳ್ಳಗಿನ, ಬಹಳ ಮೆದು ಸ್ವಭಾವದ ಮನುಷ್ಯ. ಅವರ ಹಿಂದೆ ಮಿಸೆಸ್ ಪಿಕಪ್. ಮಿಸೆಸ್ ಪಿಕಪ್ ಹಿಂದೆ ಪೊಲೀಸ್ ಸಮವಸ್ತ್ರದ ಒಬ್ಬ ಹೆಂಗಸು. ಶನಿವಾರದ ಮೆರವಣಿಗೆಗೆ ಬಂದೋಬಸ್ತು ಮಾಡಲು ಬಂದಿರಬೇಕು ಎಂದುಕೊಂಡು ಮೂವರನ್ನೂ ಆದರದಿಂದ ಒಳಗೆ ಕರೆದೆ. ಪೊಲೀಸಮ್ಮ ಜೇಬಿನಿಂದ ಪುಸ್ತಕ ತೆಗೆದು ಬಾಗಿಲಿಗೆ ಅಡ್ಡ ನಿಂತಳು.

ಪಾದ್ರಿಗಳು ಪೆಟ್ಟಿಗೆಯ ಮುಂದೆ ಕಣ್ಣು ಮುಚ್ಚಿದರು. ಪೆಟ್ಟಿಗೆಗೂ ಒಂದು ಪ್ರಾರ್ಥನೆಯೇ! ಇದು ನನ್ನ ನಿರೀಕ್ಷೆಗೂ ಮೀರಿದ ವೈಭವ! ನಾನೂ ಕೈಕಟ್ಟಿ ನಿಂತೆ.

“ದಯಾಮಯನಾದ ತಂದೆಯೇ,” ಎಂದು ಶುರುಮಾಡಿದರು, “ನಮ್ಮನ್ನು ಅಗಲಿದ ನಿನ್ನ ಮಗಳು ನಾರ್ಮಾಳನ್ನು...”

ಯಾರನ್ನು?

ನನ್ನ ಕಿವಿ ಗುಂಯ್ ಎಂದಿತು. ಅದೇ ಕ್ಷಣ ಪೆಟ್ಟಿಗೆಯ ಒಳಗಿನಿಂದ ಫೋನು ಬಡಿದುಕೊಳ್ಳತೊಡಗಿತು!

ಬಣ್ಣ ತಾಗದಿರಲಿ ಎಂದು ನನ್ನ ಸಾಮಾನನ್ನೆಲ್ಲ, ಫೋನಿನ ಸಮೇತ, ಪೆಟ್ಟಿಗೆಯೊಳಗೆ ಇಟ್ಟು ಮುಚ್ಚಳ ಹಾಕಿದ್ದೆ. ಅದು ನನಗೆ ಗೊತ್ತು. ಪಾದ್ರಿಗಳಿಗೆ ಗೊತ್ತಿಲ್ಲ. ಅವರು ಹೂವಿನ ಗುಚ್ಛದ ಮೇಲೆ ಕೂತುಬಿಟ್ಟರು. ನಾನು ಮುಚ್ಚಳ ಎತ್ತಿದೆ. ಸುತ್ತಿಗೆ, ಗರಗಸದ ನಡುವೆ ಫೋನು ಮಿನುಗುತ್ತಿತ್ತು. ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಬಂದಿತ್ತು: ನಾರ್ಮಾ.

“ಅವರೇ ಕರೀತಿದಾರೆ!” ಎಂದು ಚೀರಿದರು ಮಿಸೆಸ್ ಪಿಕಪ್.

ಫೋನು ಕಿವಿಗಿಟ್ಟುಕೊಂಡೆ.

“ರೀ,” ಎಂದಿತು ಆ ಕಡೆಯ ಧ್ವನಿ, ಬಹಳ ಶಾಂತವಾಗಿ. “ನಾನು ಸತ್ತೆನಂತೆ, ಹೌದಾ?”

“ಯಾ... ಯಾರು ಹೇಳಿದ್ದು?”

“ಪಿಕಪ್ ಅಮ್ಮ ಎಡ್ನಾಗೆ ಫೋನ್ ಮಾಡಿ ಅತ್ರಂತೆ. ಎಡ್ನಾ ಫೋನ್ ಇಟ್ಟು ನನ್ನ ಮುಖ ನೋಡಿದ್ಲು. ನಾನು ಎದುರಿಗೇ ಕೂತು ಮೊಟ್ಟೆ ತಿಂತಿದ್ದೆ. ಆಗಸ್ಟ್‌ನಲ್ಲಿ ನನ್ನ ಜಾಗಕ್ಕೆ ಬೇರೆಯವರು ಬರ್ತಿದಾರಂತೆ, ಮೂರು ಜನ ಪೈಪೋಟಿಯಂತೆ. ಸಂತೋಷ. ಬಸ್ಸಲ್ಲಿದೀನಿ. ಇನ್ನು ಹತ್ತು ನಿಮಿಷಕ್ಕೆ ಮನೇಲಿರ್ತೀನಿ.”

ನನಗೆ ಆಗ ಗುರುವಾರದ ಮಾತುಗಳೆಲ್ಲ ಒಂದೊಂದಾಗಿ ನೆನಪಾದವು. ಹೋದ್ರು. ಹಿಂಭಾಗ ಕುಸಿದಿತ್ತು. ಅವರನ್ನ ಕೊಂದಿದ್ದೇ ಯಜಮಾನ! ಆದರೆ ನಿಜ ಹೇಳುತ್ತೇನೆ, ಹೆಂಡತಿ ಸತ್ತಳೆಂದು ಊರೆಲ್ಲ ನಂಬಿದ್ದಕ್ಕಿಂತ, ಅವಳು ಬದುಕಿ ಬರುತ್ತಿದ್ದಾಳೆ, ಕಪಾಟು ಇಲ್ಲ ಎನ್ನುವುದೇ ನನ್ನನ್ನು ಹೆಚ್ಚು ನಡುಗಿಸಿತು!

“ಸ್ಕ್ರೂ ಬಿಚ್ಚಕ್ಕೆ ಎಷ್ಟು ಹೊತ್ತು ಬೇಕು?” ಎಂದು ಪಾದ್ರಿಗಳನ್ನೇ ಕೇಳಿದೆ. ಅವರು ಕೂತಲ್ಲಿಂದ ಏಳಲಿಲ್ಲ.

ಹತ್ತಲ್ಲ, ಎಂಟೇ ನಿಮಿಷಕ್ಕೆ ಬಂದಳು. ನೇರಳೆ ಕೋಟು, ನೇರಳೆ ಟೋಪಿ, ಕೈಯಲ್ಲಿ ಪೆಟ್ಟಿಗೆ. ಅದು ಪ್ರಯಾಣದ್ದು. ಬೀದಿಯಲ್ಲಿ ಪರದೆಗಳೆಲ್ಲ ಸರ್ರನೆ ಸರಿದವು. ಮೂಲೆಮನೆಯ ಅಜ್ಜ ಅವಳನ್ನು ನೋಡಿ ಟೋಪಿ ತೆಗೆದರಂತೆ, ಆಮೇಲೆ ಟೋಪಿ ಕೆಳಗೆ ಬಿತ್ತಂತೆ.

ಪೊಲೀಸಮ್ಮ ಪುಸ್ತಕ ತೆರೆದು, “ತಾವು ತೀರಿಕೊಂಡವರಿಗೆ ಏನಾಗ್ಬೇಕು?” ಎಂದು ಕೇಳಿದಳು.

“ನಾನೇ ತೀರಿಕೊಂಡೋಳು,” ಎಂದಳು ನಾರ್ಮಾ. ನನ್ನ ಪಕ್ಕದಿಂದ ಹಾದುಹೋಗಿ ಪೆಟ್ಟಿಗೆ ನೋಡಿದಳು. ಮುಚ್ಚಳ ಓದಿದಳು. ಬೆರಳಿನಿಂದ ಹಲಗೆ ಸವರಿದಳು. ಅಡುಗೆಮನೆಗೆ ಹೋಗಿ ನೆಲದ ಮೇಲಿನ ಡಬ್ಬಿಗಳನ್ನು ನೋಡಿ ಬಂದಳು.

“ನಾರ್ಮಾ, ಇದು ನಿನಗಲ್ಲ! ಕೆಲ್‌ಬ್ರಿಜ್‌ಗೆ! ತಮಾಷೆಗೆ! ನಾನು ಹೇಳಿದ್ದು ಆ ಯಜಮಾನನ ವಿಷಯ, ಈ ಯಜಮಾನನ ವಿಷಯ ಅಲ್ಲ!”

“ಯಾವ ಯಜಮಾನ?” ಎಂದಳು ಪೊಲೀಸಮ್ಮ ಪೆನ್ನು ಎತ್ತಿಕೊಂಡು.

“ಹೇಳಿ,” ಎಂದಳು ನಾರ್ಮಾ ನನಗೆ. “ಆ ಯಜಮಾನ ಏನು ಮಾಡ್ದ ಅಂತ ಇವರಿಗೆ ಬಿಡಿಸಿ ಹೇಳಿ. ಪಬ್ಬಲ್ಲಿ ಬಹಳ ಚೆನ್ನಾಗಿ ಹೇಳ್ತೀರಂತೆ.”

ಹೊಗಳಿಕೆ ಕೇಳಿದರೆ ನನ್ನ ಬುದ್ಧಿ ಕೆಲಸ ಮಾಡುವುದಿಲ್ಲ. ಎದೆಯುಬ್ಬಿಸಿ ಹೇಳಿದೆ: “ತನ್ನ ಕೈಯಿಂದ ಒಂದು ಕಾಸು ಹಾಕ್ಲಿಲ್ಲ. ಅವರ ದುಡ್ಡಲ್ಲೇ ಎಲ್ಲ ಮಾಡ್ದ. ಅವರಿಗೇ ಒಳ್ಳೇದಾಗತ್ತೆ ಅಂತ ನಂಬಿಸ್ದ. ಅವರದ್ದನ್ನೇ ತಗೊಂಡು ಅವರಿಗೇ ಗುಂಡಿ ತೋಡ್ದ!”

“ಹೂಂ. ಈ ಹಲಗೆ ಯಾರ ದುಡ್ಡು?”

“...ನಿನ್ನದು.”

“ಏನು ಮಾಡ್ಕೊಡ್ತೀನಿ ಅಂತ ನಂಬಿಸಿದ್ರಿ?”

“ಕಪಾಟು.”

“ಏನು ಮಾಡಿದ್ರಿ?”

ಉತ್ತರ ಎರಡು ಕುರ್ಚಿಗಳ ಮೇಲೆ ಮಲಗಿತ್ತು.

ಪೊಲೀಸಮ್ಮ ಪುಸ್ತಕ ಮಡಚಿ ಜೇಬಿಗೆ ಹಾಕಿಕೊಂಡಳು. “ಹಾಗಾದ್ರೆ ಈ ಅಮ್ಮ ಸ್ಟೇಷನ್ನಿಗೆ ಬಂದು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ,” ಎಂದಳು. ಮಿಸೆಸ್ ಪಿಕಪ್ ತಲೆಯೆತ್ತಿ ನನ್ನನ್ನು ನೋಡಿದರು. ಪಾದ್ರಿಗಳು ಕೂಡ ತಲೆಯಾಡಿಸಿದರು!

ಎಲ್ಲರೂ ಹೋದ ಮೇಲೆ ನಾರ್ಮಾ ಕೂಗಾಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವಳು ಕೂಗಾಡಲಿಲ್ಲ. ಕೋಟು ಕೂಡ ಬಿಚ್ಚದೆ ಕುರ್ಚಿಯ ಮೇಲೆ ಕೂತಳು.

“ಆ ಲಕೋಟೆಗೆ ಮೊದಲು ದುಡ್ಡು ಹಾಕಿದ್ದು ಎಲ್ಸಿ,” ಎಂದಳು. “ಹೋದ ವಾರ ಅವಳನ್ನ ಕೆಲಸದಿಂದ ತೆಗೆದ್ರು. ಕ್ಯಾಂಟೀನಲ್ಲಿದ್ದ ಹದಿನಾಲ್ಕು ಜನಾನೂ ತೆಗೆದ್ರು. ಸಾಲಕ್ಕೆ ಬಡ್ಡಿ ಕಟ್ಬೇಕಂತೆ, ಚಹಾ ಮಾರೋರು ಭಾರ ಆದ್ರಂತೆ. ನಿಮ್ಮ ಪಬ್ಬಿನ ಪೈ ಕಥೆ ವಿಲ್ಫ್ ಹೆಂಡತಿ ನನಗೆ ಫೋನಲ್ಲಿ ಹೇಳಿದ್ಲು. ಅದರಲ್ಲಿ ದಿನಾ ಒಂದೊಂದು ಚೂರು ಕೀಳ್ತಾರಲ್ಲ, ಆ ಚೂರು ಇವರೇ ಕಣ್ರೀ. ನಾನು ಎಡ್ನಾ ಮನೆಗೆ ಹೋಗಿದ್ದೂ ಅದಕ್ಕೇ. ಇಲ್ಲಿದ್ರೆ ನೀವು ನಗದೇ ಇರಕ್ಕೆ ಕಷ್ಟಪಡೋದನ್ನ ನೋಡ್ಬೇಕಿತ್ತು.”

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಎಲ್ಸಿ ನನಗೆ ಗೊತ್ತು. ಎದುರಾಳಿ ಎಂದು ಗೊತ್ತಿದ್ದೂ ನನ್ನ ಚಹಾಕ್ಕೆ ಎರಡು ಚಮಚ ಸಕ್ಕರೆ ಹೆಚ್ಚಿಗೆ ಹಾಕುತ್ತಿದ್ದವಳು. ನಾನು ಅರವತ್ತೆರಡು ವರ್ಷದ ಲೆಕ್ಕ ಇಟ್ಟಿದ್ದೆ, ಏಳು-ಸೊನ್ನೆಯ ಲೆಕ್ಕ ಇಟ್ಟಿದ್ದೆ. ಆ ಹದಿನಾಲ್ಕು ಜನ ನನ್ನ ಲೆಕ್ಕದಲ್ಲೇ ಇರಲಿಲ್ಲ. ಬಹಳ ನಾಚಿಕೆಯಾಯಿತು.

“ಈಗಲೇ ಬಿಚ್ತೀನಿ ನಾರ್ಮಾ. ರಾತ್ರಿಯೊಳಗೆ ಕಪಾಟು ನಿಲ್ಲಿಸ್ತೀನಿ,” ಎಂದು ಸ್ಕ್ರೂಡ್ರೈವರ್ ಎತ್ತಿಕೊಂಡೆ.

“ಮುಟ್ಟಬೇಡಿ!” ಎಂದಳು. ಎದ್ದು ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದಳು. ಅವಳ ಮುಖದಲ್ಲಿ ಒಂದು ಬಗೆಯ ಬೆಳಕು ಕಂಡಿತು. ಮೂವತ್ತೆಂಟು ವರ್ಷದ ಅನುಭವದಿಂದ ಹೇಳುತ್ತೇನೆ, ಆ ಬೆಳಕು ನನಗೆ ಯಾವತ್ತೂ ಒಳ್ಳೆಯದು ಮಾಡಿಲ್ಲ. “ಕೀಲು ಚೆನ್ನಾಗಿ ಕೂಡಿಸಿದ್ದೀರ. ನಾಳೆ ಪಂದ್ಯಕ್ಕೆ ಮುಂಚೆ ನಮ್ಮೋರೆಲ್ಲ ಆ ಯಜಮಾನನ ವಿರುದ್ಧ ಮೆರವಣಿಗೆ ಹೊರಡ್ತಿದಾರೆ. ಮುಂದುಗಡೆ ಹೊತ್ಕೊಂಡು ಹೋಗಕ್ಕೆ ಏನಾದ್ರೂ ಬೇಕಿತ್ತು. ಬಿಳಿ ಬಣ್ಣ ಎಲ್ಲಿದೆ?”

ಮಂಡಿಯೂರಿ ಕೂತು, ‘ಅರವತ್ತೆರಡು ವರ್ಷ’ ಎಂಬುದನ್ನು ನೇರಳೆ ಬಣ್ಣದಲ್ಲಿ ಅಳಿಸಿ, ಆ ಜಾಗದಲ್ಲಿ ಬೇರೆ ಒಂದೇ ಪದ ಬರೆದಳು. ಅಷ್ಟೇ. ಉಳಿದ ಸಾಲು ಹಾಗೇ ಸರಿಹೋಯಿತು!

ಪೆಟ್ಟಿಗೆ ಹೊರಲು ನಾಲ್ಕು ಜನ ಬೇಕು. ಶನಿವಾರ ಬೆಳಿಗ್ಗೆ ವಿಲ್ಫ್, ಸೆಲ್ವಿನ್ ಇಬ್ಬರೂ ಹಳದಿ ಅಂಗಿ ತೊಟ್ಟು, ಶಿಳ್ಳೆ ಹೊಡೆಯುತ್ತಾ ಬಿಯರ್ ಆಸೆಗೆ ಬಂದರು. ನಾರ್ಮಾ ಬಾಗಿಲಲ್ಲೇ ಇಬ್ಬರ ಕೊರಳಿಗೂ ನೇರಳೆ ಉಲ್ಲನ್ ಪಟ್ಟಿ ಸುತ್ತಿದಳು.

“ಅಕ್ಕಾ, ನಾವು ಮಾಸ್‌ಡೆನ್‌ನೋರು!” ಎಂದು ವಿಲ್ಫ್ ಗೋಗರೆದ.

“ಹೊರ್ತೀರೋ, ಇಲ್ಲ ನಿಮ್ಮ ಮನೆಯವರಿಗೆ ಫೋನ್ ಮಾಡಿ ಯಾರ್ಯಾರು ಎಷ್ಟೆಷ್ಟು ಕುಡೀತೀರ ಅಂತ ಹೇಳ್ಲೋ?”

ಹೊತ್ತರು. ಮುಂದೆ ನಾನು ಮತ್ತು ನಾರ್ಮಾ, ಹಿಂದೆ ಅವರಿಬ್ಬರು. ಸೇತುವೆ ದಾಟುತ್ತಿದ್ದಂತೆ ಸಾವಿರಾರು ನೇರಳೆ ಜನ ನಮಗೆ ದಾರಿ ಬಿಟ್ಟುಕೊಟ್ಟು ಚಪ್ಪಾಳೆ ತಟ್ಟಿದರು. ಎಲ್ಸಿ ಬಂದು ಪೆಟ್ಟಿಗೆ ಮುಟ್ಟಿ ನೋಡಿ, “ನಮ್ಮ ದುಡ್ಡಲ್ಲಿ ತಂದ ಹಲಗೆ ತಾನೆ?” ಎಂದು ಕೇಳಿ, ನನ್ನ ಭುಜಕ್ಕೆ ತಲೆಯಿಟ್ಟು ಅತ್ತಳು. ನಾರ್ಮಾ ನನ್ನ ಕೊರಳಿಗೂ ಸುತ್ತಿದ್ದ ನೇರಳೆ ಪಟ್ಟಿಯಲ್ಲೇ ನಾನೂ ಕಣ್ಣೊರೆಸಿಕೊಂಡೆ. ಮಧ್ಯಾಹ್ನ ಕೆಲ್‌ಬ್ರಿಜ್ ಮೂರು-ಸೊನ್ನೆಯಿಂದ ಸೋತು ಕೆಳಗಿಳಿಯಿತು. ಮೂವತ್ತೆಂಟು ವರ್ಷ ಕಾದಿದ್ದ ಆ ಗಳಿಗೆ ಬಂದಾಗ ನಾನು ಗೇಟಿನ ಹೊರಗೆ ಕ್ಯಾಂಟೀನಿನ ಹದಿನಾಲ್ಕು ಹೆಂಗಸರಿಗಾಗಿ ಬಕೆಟ್ ಹಿಡಿದು ಚಂದಾ ಎತ್ತುತ್ತಿದ್ದೆ. ನಗಲು ಮರೆತೇಹೋಯಿತು.

ಸೋಮವಾರದ ಪೇಪರಿನ ಮೊದಲ ಪುಟದಲ್ಲಿ ನನ್ನ ಫೋಟೋ ಬಂತು. ಕೊರಳಲ್ಲಿ ನೇರಳೆ ಪಟ್ಟಿ, ಕಣ್ಣಲ್ಲಿ ನೀರು. ಕೆಳಗೆ ದಪ್ಪಕ್ಷರ: ‘ಕೆಲ್‌ಬ್ರಿಜ್‌ನ ಕಟ್ಟಾ ಅಭಿಮಾನಿ ಸಿರಿಲ್ ಆಗ್ಡೆನ್ ಅವರ ದುಃಖ’. ಪಬ್ಬಿನಲ್ಲಿ ಅದಕ್ಕೆ ಚೌಕಟ್ಟು ಹಾಕಿಸಿ ನೇತುಹಾಕಿದ್ದಾರೆ. ನಾನು ಈಗ ಮನೆಯಲ್ಲೇ ಚಹಾ ಕುಡಿಯುತ್ತೇನೆ.

ಕಪಾಟು? ನಿಂತಿದೆ! ಪೆಟ್ಟಿಗೆಯನ್ನೇ ಎತ್ತಿ ನಿಲ್ಲಿಸಿ ಒಳಗೆ ಐದು ಅಡ್ಡಹಲಗೆ ಬಡಿದೆ, ಮುಚ್ಚಳಕ್ಕೆ ಕೀಲು ಹಾಕಿ ಬಾಗಿಲು ಮಾಡಿದೆ. ಬಿಳಿ ಬಣ್ಣ ಬಳಿಯುತ್ತೇನೆ ಎಂದು ಕಾಲಿಗೆ ಬಿದ್ದರೂ ನಾರ್ಮಾ ಒಪ್ಪಲಿಲ್ಲ. ಡಬ್ಬಿಗಳೆಲ್ಲ ಒಳಗೆ ನೆಟ್ಟಗೆ ಕೂತಿವೆ. ನಾನು ಊಟಕ್ಕೆ ಕೂರುವ ಜಾಗಕ್ಕೆ ಅದು ಸರಿಯಾಗಿ ಎದುರು. ಮೂರು ಹೊತ್ತೂ, ತಲೆಯೆತ್ತಿದರೆ ಸಾಕು, ನನ್ನ ಹೆಂಡತಿಯ ಅಂದವಾದ ಬಿಳಿ ಅಕ್ಷರ ಕಾಣುತ್ತದೆ:

‘ಯಜಮಾನರೇ, ಮೆರೆದಿದ್ದು ಸಾಕು. ಇನ್ನು ಕೆಳಗಿಳಿಯಿರಿ.’